ಹಳೇ ಸರಪಳಿಯ ಸೇತುವೆ

ನಾವು ಓದುವಾಗ ಕಾಲೇಜಿನ ಲೈಬ್ರರಿಯಲ್ಲಿದ್ದ ಸೇತುವೆಗಳ ಪುಸ್ತಕವೊಂದರಲ್ಲಿ ಕ್ಲಿಫ್ಟನ್ ತೂಗುಸೇತುವೆಯ ಮಸುಕು ಚಿತ್ರವಿತ್ತು. ಅದರಡಿ ಬರೆದದ್ದು ಇಷ್ಟೇ: ಬ್ರುನೆಲ್, 1864. ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ತೀರಿಕೊಂಡದ್ದು 1859ರ ಸೆಪ್ಟೆಂಬರ್ 15ರಂದು. ಸತ್ತು ಐದು ವರ್ಷವಾದ ಮೇಲೆ ಸೇತುವೆ ಕಟ್ಟುವುದು ಎಂಥ ದೊಡ್ಡ ಎಂಜಿನಿಯರಿಗೂ ಆಗದ ಮಾತು. ಪರೀಕ್ಷೆಗೆ ಬೇಕಾಗಿದ್ದದ್ದು ಸೂತ್ರ, ಇಸವಿಯಲ್ಲ. ಹಾಗಾಗಿ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ನಾನು ಲೋಕೋಪಯೋಗಿ ಇಲಾಖೆ ಸೇರಿದೆ. ಅದು ವರ್ಗಾವಣೆಯ ನೌಕರಿ. ಒಬ್ಬ ಎಸ್ಟಿಮೇಟು ಮಾಡುತ್ತಾನೆ, ಇನ್ನೊಬ್ಬ ಟೆಂಡರ್ ಕರೆಯುತ್ತಾನೆ, ಮೂರನೆಯವನು ಪಾಯ ತೋಡಿಸುತ್ತಾನೆ, ನಾಲ್ಕನೆಯವನ ಕಾಲಕ್ಕೆ ಉದ್ಘಾಟನೆ. ಕಲ್ಲಿನ ಮೇಲೆ ಕೊರೆಯುವುದು ಮಂತ್ರಿಗಳ ಹೆಸರು. ನಾನು ಶುರು ಮಾಡಿದ ಸೇತುವೆಗಳನ್ನು ಬೇರೆಯವರು ಮುಗಿಸಿದ್ದಾರೆ, ಬೇರೆಯವರು ಅರ್ಧಕ್ಕೆ ಬಿಟ್ಟದ್ದನ್ನು ನಾನು ಮುಗಿಸಿದ್ದೇನೆ. ಇಂಥವನಿಗೆ 'ಇದು ಇಂಥವರ ಸೇತುವೆ' ಎಂಬ ಮಾತು ಕೇಳಿದ ಕೂಡಲೇ ಕಡತ ತೆರೆದು ನೋಡುವ ಚಟ. ಮಗಳು ಬ್ರಿಸ್ಟಲ್‌ನಲ್ಲಿ ಕೆಲಸಕ್ಕೆ ಸೇರಿ, "ಅಪ್ಪಾ, ಬನ್ನಿ, ಬ್ರುನೆಲ್ ಸೇತುವೆ ತೋರಿಸ್ತೀನಿ" ಎಂದಾಗ ನಾನು ಹೊರಟದ್ದು ಸೇತುವೆ ನೋಡುವುದಕ್ಕೆ ಎಷ್ಟೋ, ಆ ಐದು ವರ್ಷದ ಲೆಕ್ಕ ಕೇಳುವುದಕ್ಕೂ ಅಷ್ಟೇ.

ಮೊದಲು ಜಾಗ. ಬ್ರಿಸ್ಟಲ್ ನಗರದ ಪಶ್ಚಿಮಕ್ಕೆ ಏವನ್ ನದಿ ಸುಣ್ಣಕಲ್ಲಿನ ಬೆಟ್ಟವನ್ನು ಸೀಳಿಕೊಂಡು ಹೋಗುತ್ತದೆ. ಪೂರ್ವದ ದಂಡೆ ಕ್ಲಿಫ್ಟನ್, ಪಶ್ಚಿಮದ್ದು ಲೀ ವುಡ್ಸ್ ಎಂಬ ಕಾಡು. ಹೊಳೆ ದೊಡ್ಡದಲ್ಲ. ನಾನು ನೋಡಿದ ಹೊತ್ತಿನಲ್ಲಿ ನೀರಿಗಿಂತ ಕೆಸರೇ ಹೆಚ್ಚಿತ್ತು. ಆದರೆ ಇಲ್ಲಿ ಕಡಲಿನ ಉಬ್ಬರ 40 ಅಡಿ ಮುಟ್ಟುತ್ತದೆ, ಉಬ್ಬರದ ನೀರಿನ ಮೇಲೇ ಬ್ರಿಸ್ಟಲ್ ಬಂದರಿಗೆ ಹಡಗುಗಳು ಬರುತ್ತಿದ್ದವು. ಹಡಗಿನ ಪಟಸ್ತಂಭಕ್ಕೆ ತಾಗದಂತೆ ದಾಟಬೇಕು, ನದಿಯೊಳಗೆ ಕಂಬ ನಿಲ್ಲಿಸುವಂತಿಲ್ಲ. ನಮ್ಮ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಲ್ಲಿನ ಕಂಬಗಳನ್ನು ಸಾಲುಸಾಲಾಗಿ ನದಿಯಲ್ಲೇ ನಿಲ್ಲಿಸಿದ್ದಾರೆ. ಅಲ್ಲಿ ಹೊಳೆ ಅಗಲ, ಆಳ ಕಡಿಮೆ, ತಳದಲ್ಲಿ ಬಂಡೆ. ಹಡಗಿನ ಮಾತೇ ಇಲ್ಲ. ಆ ಜಾಗಕ್ಕೆ ಆ ಉತ್ತರ ಸರಿ. ಏವನ್ ಕಣಿವೆ ಕೇಳಿದ ಪ್ರಶ್ನೆ ಬೇರೆ.

ಆ ಪ್ರಶ್ನೆಗೆ ಮೊದಲು ದುಡ್ಡು ಇಟ್ಟವನು ವಿಲಿಯಂ ವಿಕ್ ಎಂಬ ಬ್ರಿಸ್ಟಲ್‌ನ ವೈನ್ ವ್ಯಾಪಾರಿ. 1754ರಲ್ಲಿ ಅವನ ಉಯಿಲಿನಂತೆ 1,000 ಪೌಂಡು ಮೀಸಲಾಯಿತು. ಅದು ಬಡ್ಡಿ ಸೇರಿ 10,000 ಆದಾಗ ಕಣಿವೆಗೆ ಕಲ್ಲಿನ ಸೇತುವೆ ಕಟ್ಟಿಸಿ ಎಂಬುದು ಷರತ್ತು. ಮರಿಮಕ್ಕಳ ಕಾಲಕ್ಕೆ ಸೇತುವೆ! ಇಷ್ಟು ತಾಳ್ಮೆಯ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕೇಳಿಲ್ಲ. ನಡುವೆ 1793ರಲ್ಲಿ ವಿಲಿಯಂ ಬ್ರಿಡ್ಜಸ್ ಎಂಬುವನು (ಹೆಸರೇ ಹಾಗೆ, ನಾನೇನೂ ಸೇರಿಸಿಲ್ಲ) ಕಣಿವೆ ತುಂಬುವಷ್ಟು ದೊಡ್ಡ ಕಲ್ಲಿನ ಕಮಾನು, ಅದರೊಳಗೆ ಮನೆ, ಅಂಗಡಿ, ಕಾರ್ಖಾನೆ ಎಲ್ಲ ಇರುವ ನಕಾಶೆ ಬರೆದುಕೊಟ್ಟ. ಅದು ನಕಾಶೆಯಾಗಿಯೇ ಉಳಿಯಿತು. 1829ರ ಹೊತ್ತಿಗೆ ವಿಕ್‌ನ ದುಡ್ಡು 8,000 ಪೌಂಡಿಗೆ ಬಂದಿತ್ತು. ಎಪ್ಪತ್ತೈದು ವರ್ಷದಲ್ಲಿ ಎಂಟು ಪಟ್ಟು; ವರ್ಷಕ್ಕೆ ನೂರಕ್ಕೆ ಮೂರೂ ಬಿದ್ದಿಲ್ಲ. ಕಲ್ಲಿನ ಸೇತುವೆಗೆ ಅದು ಯಾವ ಮೂಲೆಗೂ ಸಾಲದು ಎಂದು ಗೊತ್ತಾಗಿ, ಕಬ್ಬಿಣದ ತೂಗುಸೇತುವೆಗೆ ಸ್ಪರ್ಧೆ ಕರೆದರು.

ತೂಗುಸೇತುವೆ ಆಗ ಯುರೋಪಿಗೆ ಹೊಸದು, ಲೋಕಕ್ಕೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲೇ ಟಿಬೆಟ್, ಭೂತಾನಗಳ ಹೊಳೆಗಳಿಗೆ ಥಾಂಗ್‌ಟೊಂಗ್ ಗ್ಯಾಲ್ಪೊ ಎಂಬ ಬೌದ್ಧ ಸಾಧಕ ಕಬ್ಬಿಣದ ಸರಪಳಿ ಸೇತುವೆಗಳನ್ನು ಹಾಕಿಸಿದ್ದ. ಬ್ರಿಟನ್ನಿನಲ್ಲಿ ಸ್ಯಾಮುಯೆಲ್ ಬ್ರೌನ್ ಟ್ವೀಡ್ ನದಿಗೆ 1820ರಲ್ಲಿ, ಥಾಮಸ್ ಟೆಲ್‌ಫರ್ಡ್ ವೇಲ್ಸ್‌ನ ಮೆನಾಯ್ ಜಲಸಂಧಿಗೆ 1826ರಲ್ಲಿ ತೂಗುಸೇತುವೆ ಕಟ್ಟಿದರು. ಮೆನಾಯ್‌ನದು 579 ಅಡಿ ಸ್ಪಾನು, ಆ ಕಾಲಕ್ಕೆ ಅಚ್ಚರಿ. ಆದ್ದರಿಂದ ಕ್ಲಿಫ್ಟನ್ ಸ್ಪರ್ಧೆಗೆ ತೀರ್ಪುಗಾರರಾಗಿ ಟೆಲ್‌ಫರ್ಡರನ್ನೇ ಕರೆದರು. ವಯಸ್ಸು ಎಪ್ಪತ್ತು ದಾಟಿತ್ತು, ಹೆಸರು ಬೆಟ್ಟದಷ್ಟಿತ್ತು. ಅವರು ಬಂದ ಎಲ್ಲ ನಕಾಶೆಗಳನ್ನೂ ತಿರಸ್ಕರಿಸಿದರು. ಸುಮಾರು ಆರುನೂರು ಅಡಿ ಮೀರಿದರೆ ಗಾಳಿಗೆ ನಿಲ್ಲುವುದಿಲ್ಲ ಎಂಬುದು ಅವರ ವಾದ. ಸಮಿತಿಯವರು 'ಹಾಗಾದರೆ ನೀವೇ ಒಂದು ಕೊಡಿ' ಎಂದರು. ತೀರ್ಪುಗಾರರು ಕಣಿವೆಯ ತಳದಿಂದ ಎದ್ದ ಎರಡು ಭಾರಿ ಗಾಥಿಕ್ ಗೋಪುರಗಳ ನಕಾಶೆ ಬರೆದು ತಾವೇ ಅಭ್ಯರ್ಥಿಯಾದರು. ಟೆಂಡರ್ ತೆರೆಯುವ ಅಧಿಕಾರಿಯೇ ಲಕೋಟೆ ಹಾಕಿದಂತಾಯಿತು. ನಮ್ಮಲ್ಲಾಗಿದ್ದರೆ ಲೋಕಾಯುಕ್ತಕ್ಕೆ ಅರ್ಜಿ ಹೋಗುತ್ತಿತ್ತು. ಅಲ್ಲಿ ಊರಿನವರು ದುಡ್ಡು ಸಾಲದು, ಚೆನ್ನಾಗಿಲ್ಲ ಎಂದು ಹೇಳಿ ಮರ್ಯಾದೆಯಿಂದ ಬದಿಗಿಟ್ಟರು.

ಆದರೂ ಟೆಲ್‌ಫರ್ಡರ ಭಯವನ್ನು ನಾನು ನಗೆಯಾಡುವುದಿಲ್ಲ. ಮೆನಾಯ್ ಸೇತುವೆಯ ಡೆಕ್ ಗಾಳಿಗೆ ಅಲೆಯಂತೆ ಏಳುವುದನ್ನು ಅವರು ಕಂಡಿದ್ದರು. 1839ರ ಬಿರುಗಾಳಿಗೆ ಅದು ಬಹಳವೇ ಕೆಟ್ಟಿತು. ಕಂಡದ್ದನ್ನು ನಂಬುವುದು ಎಂಜಿನಿಯರನ ಗುಣ. ಅದಕ್ಕೆ ಔಷಧ ಸ್ಪಾನು ಕಡಿಮೆ ಮಾಡುವುದಲ್ಲ, ಡೆಕ್ಕಿಗೆ ಬಿಗಿತ ಕೊಡುವುದು ಎಂಬುದು ಆಮೇಲಿನವರಿಗೆ ತಿಳಿದ ಸಂಗತಿ.

ಎರಡನೆಯ ಸ್ಪರ್ಧೆಯಲ್ಲಿ ಬ್ರುನೆಲ್‌ಗೆ ಮೊದಲು ಬಂದದ್ದು ಎರಡನೇ ಸ್ಥಾನ. ವಯಸ್ಸು 24. ತಂದೆ ಮಾರ್ಕ್ ಬ್ರುನೆಲ್ ಥೇಮ್ಸ್ ನದಿಯಡಿ ಸುರಂಗ ತೋಡುತ್ತಿದ್ದಾಗ 1828ರಲ್ಲಿ ನೀರು ನುಗ್ಗಿ ಈ ಹುಡುಗ ಸಾವಿನ ಬಾಯಿಂದ ಬಂದಿದ್ದ. ಸ್ವಂತದ್ದು ಎನ್ನುವ ದೊಡ್ಡ ಕೆಲಸ ಒಂದೂ ಇರಲಿಲ್ಲ. ತೀರ್ಪುಗಾರ ಡೇವಿಸ್ ಗಿಲ್ಬರ್ಟ್‌ರನ್ನು ಹೋಗಿ ಕಂಡ, ಒಂದೊಂದೇ ಆಕ್ಷೇಪಣೆಗೆ ಉತ್ತರ ಕೊಟ್ಟ; ಅವರು ಮನಸ್ಸು ಬದಲಿಸಿದರು. 1831ರ ಮಾರ್ಚಿನಲ್ಲಿ ಕೆಲಸ ಅವನ ಕೈಗೆ ಬಂತು. ಮುಂದಿನ ತಿಂಗಳೇ, ಏಪ್ರಿಲ್ 12ರಂದು, ಮ್ಯಾಂಚೆಸ್ಟರ್ ಹತ್ತಿರದ ಬ್ರೌಟನ್ ತೂಗುಸೇತುವೆ ಹೆಜ್ಜೆ ಹಾಕುತ್ತಿದ್ದ ಸೈನಿಕರ ಕಾಲಡಿಯೇ ಬಿತ್ತು. ಲಯಕ್ಕೆ ಸರಿಯಾಗಿ ನಾಲ್ಕು ಜನರ ಸಾಲು ಕುಟ್ಟಿದ ಹೆಜ್ಜೆಗೆ ಡೆಕ್ ತೂಗಿ, ಸರಪಳಿಯ ಆಧಾರದ ಬೋಲ್ಟೊಂದು ತುಂಡಾಗಿತ್ತು. ಸೇತುವೆಯ ಮೇಲೆ ಸೈನ್ಯ ಹೆಜ್ಜೆ ಮುರಿದು ನಡೆಯಬೇಕು ಎಂಬ ನಿಯಮ ಬಂದದ್ದು ಆಗ. ಇಂಥ ಸುದ್ದಿಯ ನಡುವೆಯೂ ಬ್ರಿಸ್ಟಲಿನವರು ತೂಗುಸೇತುವೆಯನ್ನು ಕೈಬಿಡಲಿಲ್ಲ ಎಂಬುದಕ್ಕೆ ಅವರಿಗೆ ಅಂಕ ಕೊಡಬೇಕು.

ಜೂನ್ 21ರಂದು ಗುದ್ದಲಿ ಪೂಜೆ ಆಯಿತು ಎನ್ನೋಣ. ಅಕ್ಟೋಬರ್ ಕೊನೆಗೆ ಬ್ರಿಸ್ಟಲ್ ಹೊತ್ತಿ ಉರಿಯಿತು. ಮತದಾನದ ಹಕ್ಕು ವಿಸ್ತರಿಸುವ ಸುಧಾರಣಾ ಮಸೂದೆಯನ್ನು ಮೇಲ್ಮನೆ ತಳ್ಳಿಹಾಕಿದ್ದಕ್ಕೆ ಜನ ದಂಗೆ ಎದ್ದರು. ಮೂರು ದಿನ ಊರು ಅವರ ಕೈಯಲ್ಲಿತ್ತು. ಸೇತುವೆಗೆ ಷೇರು ಕೊಳ್ಳಬೇಕಾದವರೆಲ್ಲ ದುಡ್ಡಿನ ಚೀಲ ಬಿಗಿ ಕಟ್ಟಿಕೊಂಡರು, ಕೆಲಸ ನಿಂತಿತು. ಇದೇ ಮಸೂದೆ ಗೆಲ್ಲಲೆಂದು ಹಾರೈಸುತ್ತ ಆ ವರ್ಷ ಇಂಗ್ಲೆಂಡಿಗೆ ಬಂದಿಳಿದಿದ್ದ ಇನ್ನೊಬ್ಬರಿದ್ದರು, ರಾಜಾ ರಾಮಮೋಹನ ರಾಯರು. ಅವರು 1833ರಲ್ಲಿ ಬ್ರಿಸ್ಟಲ್ ಪಕ್ಕದಲ್ಲೇ ತೀರಿಕೊಂಡರು. 1843ರಲ್ಲಿ ಅವರ ದೇಹವನ್ನು ಆರ್ನೋಸ್ ವೇಲ್ ಸ್ಮಶಾನಕ್ಕೆ ಸಾಗಿಸಿದರು. ಅಲ್ಲಿ ಕಂಬ-ಛತ್ರಿಯ ಮಂಟಪವಿದೆ, ನಮ್ಮ ಕಡೆಯ ಯಾವುದೋ ಕೆರೆ ದಂಡೆಯಿಂದ ಎತ್ತಿ ತಂದಿಟ್ಟಂತೆ. ಸೇತುವೆಯ ಕಥೆಗೂ 1843 ಮುಖ್ಯ ವರ್ಷ, ಬರುತ್ತೇನೆ.

1836ರಲ್ಲಿ ಕೆಲಸ ಮತ್ತೆ ಶುರುವಾಯಿತು. ಎರಡು ದಂಡೆಯ ನಡುವೆ ಸಾಮಾನು ಸಾಗಿಸಲು ಸಾವಿರ ಅಡಿ ಉದ್ದದ ಕಬ್ಬಿಣದ ಸರಳನ್ನು ಎಳೆದು ಕಟ್ಟಿ, ಅದರ ಮೇಲೆ ಓಡುವ ಬುಟ್ಟಿ ತೂಗುಬಿಟ್ಟರು. ಮೊದಲು ಹೊರಟವನು ಬ್ರುನೆಲ್. ಸರಳು ಸೊಟ್ಟ ಬಿದ್ದ ಜಾಗದಲ್ಲಿ ರಾಟೆ ಸಿಕ್ಕಿಕೊಂಡು ಬುಟ್ಟಿ ನಡುಗಣಿವೆಯಲ್ಲಿ ನಿಂತಿತು. ಅವನು ಬುಟ್ಟಿಯಿಂದ ಮೇಲೆ ಹತ್ತಿ, ಕೆಳಗೆ ಇನ್ನೂರು ಅಡಿ ಪಾತಾಳ ಇರುವಾಗ, ರಾಟೆಯನ್ನು ಬಿಡಿಸಿದ. ಆಮೇಲೆ ಜನ ದುಡ್ಡು ಕೊಟ್ಟು ಆ ಬುಟ್ಟಿಯಲ್ಲಿ ಕಣಿವೆ ದಾಟಲು ಸಾಲುಗಟ್ಟಿದರು. ಸೇತುವೆಯ ಮೊದಲ ವರಮಾನ ಅದೇ.

1843ಕ್ಕೆ ಎರಡೂ ದಂಡೆಯಲ್ಲಿ 86 ಅಡಿಯ ಗೋಪುರಗಳು ನಿಂತಿದ್ದವು. ದುಡ್ಡು ಮುಗಿದಿತ್ತು. ಬ್ರುನೆಲ್ ಬಯಸಿದ್ದು ಈಜಿಪ್ಟಿನ ಮಾದರಿ: ಗೋಪುರದ ನೆತ್ತಿಗೆ ಸ್ಫಿಂಕ್ಸ್ ಮೂರ್ತಿಗಳು, ಮೈಗೆಲ್ಲ ಕಟ್ಟಡದ ಕಥೆ ಹೇಳುವ ಕಬ್ಬಿಣದ ಹೊದಿಕೆ. ಆದದ್ದು ಒರಟು ಕಲ್ಲಿನ ಎರಡು ಬೋಳು ಗೋಪುರ. ಅವು ಸರಪಳಿಯಿಲ್ಲದೆ ಎದುರುಬದುರು ಇಪ್ಪತ್ತು ವರ್ಷ ನಿಂತವು. 1851ರಲ್ಲಿ, ಸೇತುವೆಗೆಂದು ಮಾಡಿಸಿಟ್ಟಿದ್ದ ಕಬ್ಬಿಣವನ್ನು ಮಾರಿದರು. ಕೊಂಡವರು ಪ್ಲಿಮತ್ ಹತ್ತಿರ ಟೇಮರ್ ನದಿಗೆ ರೈಲು ಸೇತುವೆ ಕಟ್ಟುತ್ತಿದ್ದವರು. ಅದರ ಎಂಜಿನಿಯರ್ ಯಾರು ಎಂದರೆ, ಅದೇ ಬ್ರುನೆಲ್! ತಾನೇ ಲೆಕ್ಕ ಹಾಕಿ ಮಾಡಿಸಿದ ಸರಪಳಿ ಹರಾಜಿಗೆ ಬಂದಾಗ ಅದನ್ನು ತನ್ನದೇ ಇನ್ನೊಂದು ಕೆಲಸಕ್ಕೆ ಒಯ್ದ. ನಾನು ಈ ಸಂಗತಿಯ ಮುಂದೆ ಬಹಳ ಹೊತ್ತು ನಿಂತೆ. ಇದರಲ್ಲಿ ಬೇಸರವೆಷ್ಟು, ವ್ಯವಹಾರವೆಷ್ಟು ಎಂದು ಇಲಾಖೆಯ ಮನುಷ್ಯನಿಗೂ ಅಳೆಯಲು ಬರುವುದಿಲ್ಲ.

ಈಗ ಆ ಐದು ವರ್ಷ.

ಬ್ರುನೆಲ್ ಸತ್ತಾಗ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಸದಸ್ಯರಿಗೆ ಅವನ ನೆನಪಿಗೆ ಏನಾದರೂ ಮಾಡಬೇಕು ಅನ್ನಿಸಿತು. ಪ್ರತಿಮೆ ನಿಲ್ಲಿಸಬಹುದಿತ್ತು. ಅವರು ನಿಂತುಹೋದ ಕೆಲಸವನ್ನು ಮುಗಿಸಲು ಹೊರಟರು, ಇದು ನನಗೆ ತುಂಬ ಹಿಡಿಸಿದ ಸಂಗತಿ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಹಂಗರ್‌ಫರ್ಡ್ ತೂಗುಸೇತುವೆಯನ್ನು ಕೆಡವುತ್ತಿದ್ದರು. ಥೇಮ್ಸ್‌ಗೆ 1845ರಲ್ಲಿ ಹಾಕಿದ ಆ ಕಾಲುಸೇತುವೆಯೂ ಬ್ರುನೆಲ್‌ನದೇ. ನಡುವಿನ ಸ್ಪಾನು 676 ಅಡಿ. ಆ ಜಾಗಕ್ಕೆ ಚೇರಿಂಗ್ ಕ್ರಾಸ್ ನಿಲ್ದಾಣಕ್ಕೆ ಹೋಗುವ ರೈಲು ಸೇತುವೆ ಬರಬೇಕಿತ್ತು, ಅದರ ಎಂಜಿನಿಯರ್ ಜಾನ್ ಹಾಕ್‌ಶಾ. ಕೆಡವುವವನ ಕಣ್ಣಿಗೆ ಗುಜರಿಯಾಗಿ ಕಾಣಬೇಕಾದ ಸರಪಳಿ ಹಾಕ್‌ಶಾ ಕಣ್ಣಿಗೆ ಕ್ಲಿಫ್ಟನ್ನಿನ ಉತ್ತರವಾಗಿ ಕಂಡಿತು. ಇಲ್ಲಿ ಬಿಚ್ಚಿದ್ದನ್ನು ಅಲ್ಲಿ ತೂಗುಬಿಟ್ಟರೆ? 5,000 ಪೌಂಡಿಗೆ ಸರಪಳಿ ಕೈಬದಲಾಯಿತು. ಲಂಡನ್ನಿಗೆ ಹೋಗುವ ಕನ್ನಡಿಗರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಬರುತ್ತಾರಲ್ಲ, ಅಲ್ಲಿಂದ ಹೊಳೆ ಹರಿಯುವ ದಿಕ್ಕಿಗೇ ನಡೆದರೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದ ಮೇಲೆ ಸಿಗುವುದು ಈ ಜಾಗ. ಹಳೇ ತೂಗುಸೇತುವೆಯ ಇಟ್ಟಿಗೆಯ ಕಂಬಗಳು ಈಗಲೂ ರೈಲು ಸೇತುವೆಯನ್ನು ಹೊತ್ತು ನಿಂತಿವೆ. ಯಾವುದನ್ನೂ ಅವರು ಸುಮ್ಮನೆ ಎಸೆಯಲಿಲ್ಲ.

ಹಾಕ್‌ಶಾ ಜೊತೆಗೆ ನಿಂತವನು ವಿಲಿಯಂ ಹೆನ್ರಿ ಬಾರ್ಲೊ. ಇವನು ಮುಂದೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ದೊಡ್ಡ ಮಾಡು ಕಟ್ಟಿದವನು. 1879ರಲ್ಲಿ ಟೇ ಸೇತುವೆ ಬಿರುಗಾಳಿಗೆ ರೈಲು ಸಮೇತ ಕುಸಿದಾಗ ತನಿಖೆಗೆ ಕೂತವರಲ್ಲಿ ಒಬ್ಬ. ಇವರಿಬ್ಬರೂ ಬ್ರುನೆಲ್‌ನ ನಕಾಶೆಯನ್ನು ಕಣ್ಣಿಗೊತ್ತಿಕೊಂಡು ಹಾಗೇ ಕಟ್ಟಲಿಲ್ಲ. ಬದಿಗೆ ಎರಡು ಸರಪಳಿ ಇದ್ದದ್ದನ್ನು ಮೂರು ಮಾಡಿದರು. ಡೆಕ್ ಅಗಲಿಸಿದರು, ಎತ್ತರಿಸಿದರು, ಬಲವಾದ ಕಬ್ಬಿಣದ ಗರ್ಡರುಗಳಿಂದ ಬಿಗಿ ಮಾಡಿದರು. ಮೆನಾಯ್‌ನ ಪಾಠ ಅವರಿಗೆ ಗೊತ್ತಿತ್ತು. ಸ್ಫಿಂಕ್ಸ್‌ಗಳಿಗೆ ಕೈಹಾಕಲೇ ಇಲ್ಲ. ಹಾಗಾಗಿ ಇಂದು ಕ್ಲಿಫ್ಟನ್ನಿನಲ್ಲಿ ನೋಡುವುದರಲ್ಲಿ ಬ್ರುನೆಲ್‌ನದು ಜಾಗ, ಗೋಪುರ, ಮೂಲ ಕಲ್ಪನೆ; ಮತ್ತು ಲಂಡನ್ ಸುತ್ತಿ ಬಂದ ಸರಪಳಿ. ಅದನ್ನು ಸೇತುವೆ ಮಾಡಿದವರು ಬೇರೆ. ಸೇತುವೆಯ ಹತ್ತಿರದ ಅಂಗಡಿಯಲ್ಲಿ ಬಟ್ಟಲಿನ ಮೇಲೂ ಟವೆಲಿನ ಮೇಲೂ ಬ್ರುನೆಲ್‌ನ ಉದ್ದ ಟೋಪಿ. ಹಾಕ್‌ಶಾ-ಬಾರ್ಲೊ ಇರುವ ಬಟ್ಟಲು ಇದೆಯೇ ಎಂದು ಕೇಳಿದೆ. ಅಂಗಡಿಯ ಹುಡುಗಿ ನಕ್ಕಳು, ಮಗಳು ನನ್ನ ಅಂಗಿ ಜಗ್ಗಿದಳು.

ಕೆಲಸ 1862ರಲ್ಲಿ ಶುರುವಾಯಿತು. ಮೊದಲು ಕಣಿವೆಗೆ ಅಡ್ಡಲಾಗಿ ತಂತಿಹಗ್ಗ ಎಳೆದು, ಹಲಗೆ ಹಾಸಿ, ಕೆಲಸಗಾರರು ಓಡಾಡಲು ತಾತ್ಕಾಲಿಕ ಕಾಲುದಾರಿ ಮಾಡಿದರು. ನಮ್ಮ ಕಡೆ ಹಳ್ಳಕ್ಕೆ ಹಾಕುವ ಅಡಿಕೆ ಮರದ ಸಂಕವನ್ನು ನಾನು ಮಳೆಗಾಲದಲ್ಲಿ ಉಸಿರು ಹಿಡಿದು ದಾಟಿದವನು, ಅದು ಇಪ್ಪತ್ತು ಅಡಿ. ಇವರು ಏಳುನೂರು ಅಡಿಯ ಹಲಗೆಯ ಮೇಲೆ ನಿಂತು ಅರ್ಧರ್ಧ ಟನ್ನಿನ ಕೊಂಡಿಗಳನ್ನು ಒಂದಕ್ಕೊಂದು ಪೋಣಿಸಿದರು. ಕೊಂಡಿ ಎಂದರೆ ದನ ಕಟ್ಟುವ ಸರಪಳಿಯ ಬಳೆಯಲ್ಲ. ಸುಮಾರು 24 ಅಡಿ ಉದ್ದದ, ಎರಡು ತುದಿಗೂ ಕಣ್ಣು ಕೊರೆದ ಚಪ್ಪಟೆ ಪಟ್ಟಿ. ರಾಟ್ ಐರನ್, ಅಂದರೆ ಬಡಿದು ಹದ ಮಾಡಿದ ಕಬ್ಬಿಣ. ಉಕ್ಕಿನ ಕಾಲ ಇನ್ನೂ ಬಂದಿರಲಿಲ್ಲ. ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮುಂದಿನ ಸಾಲಿನ ಪಟ್ಟಿಗಳನ್ನು ಸಂದುಸಂದಿಗೆ ಸೇರಿಸಿ, ಎಲ್ಲ ಕಣ್ಣುಗಳ ಮೂಲಕ ಒಂದೇ ದಪ್ಪ ಬೋಲ್ಟು ತೂರಿಸುತ್ತಾರೆ. ಸೇತುವೆಗೆಲ್ಲ ಸೇರಿ ಇಂಥ ಪಟ್ಟಿಗಳು 4,200.

ಸೇತುವೆಯ ಮೇಲೆ ನಡೆಯುವಾಗ ನಾನು ಕೈಯಿಟ್ಟು ನೋಡಿದ್ದು ಇದನ್ನೇ. ನಡುವಿನಲ್ಲಿ ಸರಪಳಿ ಕೈಗೆಟಕುವಷ್ಟು ತಗ್ಗಿಗೆ ಬರುತ್ತದೆ. ಒಂದರ ಪಕ್ಕ ಒಂದು ಹೀಗೆ ಪಟ್ಟಿ ಪೇರಿಸಿದ್ದು ಬರೀ ಬಲಕ್ಕಲ್ಲ. ಒಂದು ಬಿರುಕು ಬಿಟ್ಟರೆ ಅಕ್ಕಪಕ್ಕದವು ಹೊರುತ್ತವೆ, ನಮಗೆ ನೋಡಿ ಬದಲಿಸಲು ಸಮಯ ಸಿಗುತ್ತದೆ. ಅಮೆರಿಕದ ಒಹಾಯೊ ನದಿಯ ಸಿಲ್ವರ್ ಬ್ರಿಜ್ ಕೂಡ ಸರಪಳಿಯದೇ, ಆದರೆ ಅಲ್ಲಿ ಕೊಂಡಿಗೆ ಎರಡೇ ಪಟ್ಟಿ. ಬಲವಾದ ಉಕ್ಕು, ಎರಡು ಸಾಕು ಎಂಬ ಲೆಕ್ಕ. 1967ರ ಡಿಸೆಂಬರ್ 15ರ ಸಂಜೆ ಒಂದು ಪಟ್ಟಿಯ ಕಣ್ಣಿನಲ್ಲಿದ್ದ ಕೂದಲೆಳೆಯ ಬಿರುಕು ಬಾಯಿಬಿಟ್ಟಿತು. ಇಡೀ ಸೇತುವೆ ನೀರಿಗೆ ಬಿತ್ತು, 46 ಜನ ಸತ್ತರು. ಲೆಕ್ಕ ತಪ್ಪಿರಲಿಲ್ಲ. ಲೆಕ್ಕಕ್ಕೆ ಸಿಗದ ದಿನಕ್ಕೆಂದು ಏನನ್ನೂ ಉಳಿಸಿರಲಿಲ್ಲ.

ತೂಗುಸೇತುವೆಯ ಗುಟ್ಟು ಜೋಲಿನಲ್ಲಿದೆ. ಹಿತ್ತಲಿನಲ್ಲಿ ಬಟ್ಟೆ ಹಗ್ಗ ಕಟ್ಟಿದವರಿಗೆ ಗೊತ್ತು: ಹಗ್ಗ ತುಸು ಜೋತಿದ್ದರೆ ಒದ್ದೆ ಕಂಬಳಿಯನ್ನೂ ಹೊರುತ್ತದೆ, ಬಿಗಿಯಾಗಿ ಎಳೆದು ಕಟ್ಟಿದರೆ ಅದೇ ಕಂಬಳಿಗೆ ಗೂಟ ಕಿತ್ತುಬರುತ್ತದೆ. ಕ್ಲಿಫ್ಟನ್ನಿನ ಸ್ಪಾನು 702 ಅಡಿ, ಸರಪಳಿಯ ಜೋಲು 70 ಅಡಿ, ಹತ್ತಕ್ಕೆ ಒಂದು. ಈ ಅನುಪಾತದಲ್ಲಿ ತೂಗುವ ಭಾರ ನೂರು ಟನ್ ಇದ್ದರೆ ನಡುವಿನಲ್ಲಿ ಸರಪಳಿಯ ಎಳೆತ 125 ಟನ್, ಗೋಪುರದ ತಲೆಯ ಹತ್ತಿರ ಸುಮಾರು 135. ಜೋಲನ್ನು ಅರ್ಧ ಮಾಡಿ ಗೋಪುರದ ಕಲ್ಲು ಉಳಿಸೋಣ ಎಂದರೆ ನಡುವಿನ ಎಳೆತ 250ಕ್ಕೆ ಏರುತ್ತದೆ. ಹೊಗಳುವವರು ಸರಪಳಿಯ ಬಾಗು ಎಷ್ಟು ಚೆಂದ ಎನ್ನುತ್ತಾರೆ. ಚೆಂದವೇ. ಆದರೆ ಅದು ಗೋಪುರದ ಖರ್ಚಿಗೂ ಸರಪಳಿಯ ಖರ್ಚಿಗೂ ನಡುವೆ ಕುದುರಿದ ಚೌಕಾಸಿ.

ಸರಪಳಿಯಿಂದ ಡೆಕ್ಕಿಗೆ ಬದಿಗೆ 81ರಂತೆ 162 ಕಂಬಿಗಳು ಇಳಿದಿವೆ. ಗೋಪುರದ ಹತ್ತಿರದ್ದು 65 ಅಡಿ, ನಡುವಿನದ್ದು ಮೂರೇ ಅಡಿ. ಲಾರಿ ಹೋಗುವಂತಿಲ್ಲ, ನಾಲ್ಕು ಟನ್ ಮೀರಿದ ವಾಹನಕ್ಕೆ ಪ್ರವೇಶವಿಲ್ಲ. ಕಾರು ದಾಟುವಾಗ ಕಾಲಡಿ ಸಣ್ಣ ನಡುಕ. ಮಗಳಿಗೆ ಹೆದರಿಕೆ, ನನಗೆ ನೆಮ್ಮದಿ. ಅಲುಗದ ತೂಗುಸೇತುವೆಯ ಮೇಲೆ ನಾನು ಕಾಲಿಡುವುದಿಲ್ಲ. ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದೇ ಇಲ್ಲ: ಕ್ಲಿಫ್ಟನ್ ಕಡೆಯ ತುದಿ ಲೀ ವುಡ್ಸ್ ಕಡೆಗಿಂತ ಮೂರು ಅಡಿ ಎತ್ತರ. ಅಕ್ಕಪಕ್ಕದ ಬೆಟ್ಟಗಳ ನಡುವೆ ಸಮನಾಗಿ ಕಾಣಲಿ ಎಂದೇ ಹಾಗೆ ಮಾಡಿದ್ದು. ಲೆವೆಲ್ ಉಪಕರಣ ಹಿಡಿದವರು ಮಾತ್ರ ಮೋಸ ಹೋಗುವುದಿಲ್ಲ.

ಗೋಪುರದ ತಲೆಯಲ್ಲಿ ಸರಪಳಿ ಕಲ್ಲಿಗೆ ಕಟ್ಟಿಕೊಂಡಿಲ್ಲ. ರೋಲರುಗಳ ಮೇಲೆ ಕೂತ ಕಬ್ಬಿಣದ ಸ್ಯಾಡಲ್ ಮೇಲೆ ಹಾದುಹೋಗುತ್ತದೆ. ಬಿಸಿಲಿಗೆ ಕಬ್ಬಿಣ ಹಿಗ್ಗಿದರೆ, ಒಂದು ಬದಿಗೆ ಭಾರ ಬಂದರೆ, ಸ್ಯಾಡಲ್ ತುಸುವೇ ಸರಿದು ಸರಿದೂಗಿಸಿಕೊಳ್ಳುತ್ತದೆ. ಕಲ್ಲಿನ ಗೋಪುರ ನೆಟ್ಟಗಿನ ಭಾರವನ್ನು ಹೊರುತ್ತದೆ, ಅಡ್ಡಕ್ಕೆ ಎಳೆದರೆ ಬಿರಿಯುತ್ತದೆ. ಆ ಅಡ್ಡ ಎಳೆತವೆಲ್ಲ ಗೋಪುರ ದಾಟಿ, ನೆಲ ಹೊಕ್ಕು, 60 ಅಡಿ ಆಳದಲ್ಲಿ ಬಂಡೆಯೊಳಗಿನ ಸುರಂಗದಲ್ಲಿ ಕೊನೆಯಾಗುತ್ತದೆ. ಅಲ್ಲಿ ಸರಪಳಿಯನ್ನು ಬೀಸಣಿಗೆಯಂತೆ ಅಗಲಿಸಿ, ಕೆಳಗೆ ಅಗಲ ಮೇಲೆ ಕಿರಿದಾಗುವಂತೆ ಗಟ್ಟಿ ಇಟ್ಟಿಗೆ ಕಟ್ಟಿದ್ದಾರೆ. ಎಳೆದಷ್ಟೂ ಬಿರಡೆ ಬಿಗಿಯಾಗುತ್ತದೆ. ಫೋಟೊ ತೆಗೆಯುವವರು ಯಾರೂ ಆ ಕಡೆ ತಿರುಗುವುದಿಲ್ಲ, ತಿರುಗಿದರೂ ಕಾಣುವುದು ಟಾರು ರಸ್ತೆ. ನನ್ನ ಪಾಲಿಗೆ ಇಡೀ ಸೇತುವೆಯಲ್ಲಿ ಕೈಮುಗಿಯಬೇಕಾದ ಜಾಗ ಅದು.

ತೆರೆಯುವ ಮುನ್ನ ಡೆಕ್ಕಿನ ಮೇಲೆ 500 ಟನ್ ಕಲ್ಲು ಹರಡಿ ಪರೀಕ್ಷೆ ಮಾಡಿದರು. ಡೆಕ್ ಏಳು ಇಂಚು ತಗ್ಗಿತು, ಲೆಕ್ಕ ಹೇಳಿದ ಮಿತಿಯೊಳಗೆ. 1864ರ ಡಿಸೆಂಬರ್ 8ರಂದು ಮೆರವಣಿಗೆ, ಬ್ಯಾಂಡು. ವಿಕ್‌ನ ಉಯಿಲಿಗೆ ಆಗ ನೂರ ಹತ್ತು ವರ್ಷ.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1979ರ ಏಪ್ರಿಲ್ ಒಂದರಂದು ಆಕ್ಸ್‌ಫರ್ಡಿನ ಕೆಲವು ಪುಂಡರು ರಬ್ಬರ್ ಹಗ್ಗ ಕಟ್ಟಿಕೊಂಡು ಇಲ್ಲಿಂದ ಹಾರಿದರು. ಈಗ ಲೋಕವೆಲ್ಲ ಆಡುವ ಬಂಜಿ ಜಿಗಿತ ಶುರುವಾದದ್ದು ಹಾಗೆ. 2003ರ ನವೆಂಬರ್‌ನಲ್ಲಿ ಕಾಂಕಾರ್ಡ್ ವಿಮಾನ ತನ್ನ ಕಟ್ಟಕಡೆಯ ಹಾರಾಟದಲ್ಲಿ ಈ ಸೇತುವೆಯ ಮೇಲೆ ಹಾದು ತವರಿಗೆ ಇಳಿಯಿತು. ಆ ಚಿತ್ರ ಬ್ರಿಸ್ಟಲಿನಲ್ಲಿ ಎಲ್ಲೆಡೆ ಇದೆ.

ನನಗೆ ಅದಕ್ಕಿಂತ ಸ್ವಾರಸ್ಯ ಕಂಡದ್ದು 2002ರ ಸುದ್ದಿ. ಲೀ ವುಡ್ಸ್ ಕಡೆ ಗೋಪುರ ನಿಂತಿರುವುದು 110 ಅಡಿ ಎತ್ತರದ ಕೆಂಪು ಕಲ್ಲಿನ ಭಾರಿ ಅಬಟ್‌ಮೆಂಟ್ ಮೇಲೆ. ಅದು ಒಳಗೆಲ್ಲ ತುಂಬು ಕಟ್ಟಡ ಎಂದೇ ಎಲ್ಲರೂ ನಂಬಿದ್ದರು. 2002ರಲ್ಲಿ ನೋಡಿದರೆ ಒಳಗೆ ಕಮಾನು ಛಾವಣಿಯ ಹನ್ನೆರಡು ಕೋಣೆಗಳು! ಕೆಲವು 35 ಅಡಿ ಎತ್ತರ, ಒಂದಕ್ಕೊಂದು ಸಣ್ಣ ಸುರಂಗದಿಂದ ಕೂಡಿಕೊಂಡಿವೆ. ಈಗ ತಲೆಗೆ ಹೆಲ್ಮೆಟ್ ಹಾಕಿ ಏಣಿ ಇಳಿಸಿ ಒಳಗೆ ಬಿಡುತ್ತಾರೆ. ತಂಪು, ಕತ್ತಲೆ, ಛಾವಣಿಯಿಂದ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಬಿಳಿ ಕಡ್ಡಿಗಳು. ಮೊದಲ ಕೆಲಸದ ಕಾಲದಲ್ಲೇ ಕಲ್ಲು ಉಳಿಸಲು ಟೊಳ್ಳು ಬಿಟ್ಟಿದ್ದಾರೆ, ಬಲಕ್ಕೆ ಕೊರತೆಯಾಗಿಲ್ಲ. ಮಾರ್ಗದರ್ಶಿ ಇದನ್ನು ಬೆರಗಿನಿಂದ ವಿವರಿಸುತ್ತಿದ್ದಾಗ ನನ್ನ ತಲೆಯಲ್ಲಿ ಓಡಿದ್ದು ಮೆಷರ್‌ಮೆಂಟ್ ಬುಕ್. ಹೊರಗಿನ ಅಳತೆ ಬರೆದು ಘನ ಅಡಿಯ ಲೆಕ್ಕದಲ್ಲಿ ಬಿಲ್ ಮಾಡಿದ್ದರೋ, ಕೋಣೆಗಳನ್ನು ಕಳೆದು ಮಾಡಿದ್ದರೋ? ನಮ್ಮ ಆಡಿಟ್‌ನವರು ನೂರೈವತ್ತು ವರ್ಷವಾದರೂ ಆ ಕಂಡಿಕೆಯನ್ನು ಕೈಬಿಡುತ್ತಿರಲಿಲ್ಲ.

ಟೋಲಿನ ಬಗ್ಗೆಯೂ ಹೇಳಬೇಕು. ಕಾರಿಗೆ ಒಂದು ಪೌಂಡು, ನಡೆಯುವವರಿಗೆ ಪುಕ್ಕಟೆ. ಸೇತುವೆ ಒಂದು ಟ್ರಸ್ಟಿನ ಕೈಯಲ್ಲಿದೆ, ಆ ದುಡ್ಡಿನಲ್ಲೇ ಬಣ್ಣ, ಬೋಲ್ಟು, ತಪಾಸಣೆ. 2009ರ ಏಪ್ರಿಲ್‌ನಲ್ಲಿ ಒಂದು ಕಂಬಿಯಲ್ಲಿ ಬಿರುಕು ಕಂಡಾಗ ಸೇತುವೆಯನ್ನು ಆ ರಾತ್ರಿಯೇ ಮುಚ್ಚಿದರು. 162ರಲ್ಲಿ ಒಂದು! ಇದನ್ನು ಓದುವಾಗ ಗುಜರಾತಿನ ಮೋರ್ಬಿ ನೆನಪಾಗದೆ ಇರದು. ಅದೂ ಹತ್ತೊಂಬತ್ತನೇ ಶತಮಾನದ ತೂಗುಸೇತುವೆ. ದುರಸ್ತಿ ಮಾಡಿ ತೆರೆದ ಕೆಲವೇ ದಿನಕ್ಕೆ, 2022ರ ಅಕ್ಟೋಬರ್ 30ರಂದು, ಕಿತ್ತು ಬಿದ್ದು 130ಕ್ಕೂ ಹೆಚ್ಚು ಜನ ಸತ್ತರು. ಒಂದು ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು ಎಂದು ತನಿಖಾ ತಂಡ ಹೇಳಿತು. ಹೊಸ ನೆಲಹಾಸು ಹಾಕಿದ್ದರು; ಭಾರ ಹೊರುವ ಹಳೇ ಹಗ್ಗವನ್ನು ಬಿಚ್ಚಿ ನೋಡಿರಲಿಲ್ಲ.

ನಮ್ಮಲ್ಲಿ ಎಲ್ಲವೂ ಹಾಗಲ್ಲ ಎಂದು ಹೇಳಲು ನನಗೆ ಸುಳ್ಯ ಸಾಕು. ಅಲ್ಲಿಯ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಹಾಕಿದರು. ಆಮೇಲೆ ಹೀಗೇ ನೂರಕ್ಕೂ ಹೆಚ್ಚು. ಕಡಿಮೆ ಖರ್ಚು, ಊರಿನವರ ಶ್ರಮ, ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ದಾರಿ. ನಮ್ಮ ಇಲಾಖೆಯ ಷೆಡ್ಯೂಲ್ ದರಗಳಲ್ಲಿ ಅಂಥ ಸೇತುವೆಗೆ ಸರಿಯಾದ ಬಾಬತ್ತೂ ಇರಲಿಲ್ಲ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಕಚೇರಿಯಲ್ಲಿ ಕೆಲವರು 'ಅದು ಸಂಕ, ಸೇತುವೆಯಲ್ಲ' ಎಂದರು. 702 ಅಡಿಯದ್ದನ್ನೂ ಈಗ ನೋಡಿದ್ದೇನೆ, ತತ್ವ ಅದೇ.

ಮಗಳು ಕೇಳಿದಳು, "ಈಗಲಾದರೂ ಬ್ರುನೆಲ್ ಸೇತುವೆ ನೋಡಿದ್ದಾಯ್ತಾ ಅಪ್ಪಾ?"

"ಬ್ರುನೆಲ್ ಮಾಡಿಸಿದ ಕ್ಲಿಫ್ಟನ್ ಸರಪಳಿ ಇನ್ನೂ ನೋಡಿಲ್ಲ. ಅದು ಸಾಲ್ಟ್‌ಯಾಷ್‌ನಲ್ಲಿದೆ" ಎಂದೆ. ಟೇಮರ್ ನದಿಯ ರಾಯಲ್ ಆಲ್ಬರ್ಟ್ ಸೇತುವೆ 1859ರ ಮೇ ತಿಂಗಳಲ್ಲಿ ತೆರೆಯಿತು; ಅದರ ಸರಪಳಿಯಲ್ಲಿ ಸುಮಾರು ಅರ್ಧ ಇಲ್ಲಿಗೆಂದು ಮಾಡಿಸಿದ್ದು. ಉದ್ಘಾಟನೆಗೆ ಬ್ರುನೆಲ್ ಬರುವ ಸ್ಥಿತಿಯಲ್ಲಿರಲಿಲ್ಲ. ಆಮೇಲೊಂದು ದಿನ, ರೈಲಿನ ತೆರೆದ ಬಂಡಿಯಲ್ಲಿ ಮಲಗಿಸಿಕೊಂಡು ನಿಧಾನವಾಗಿ ಆ ಸೇತುವೆಯ ಮೇಲೆ ಕರೆದೊಯ್ದರು. ಈಗಲೂ ಅಲ್ಲಿ ರೈಲು ಮೆಲ್ಲಗೇ ಹೋಗುತ್ತದೆ, ಕಿಟಕಿಯಿಂದ ಪಟ್ಟಿಗಳು ಚೆನ್ನಾಗಿ ಕಾಣುತ್ತವೆ ಎನ್ನುತ್ತಾರೆ.

ಮಗಳು ಫೋನಿನಲ್ಲಿ ಟಿಕೆಟ್ ದರ ನೋಡಿದಳು. "ಹಳೇ ಸಾಮಾನು ನೋಡೋಕೆ ಇಷ್ಟು ದುಡ್ಡಾ?" ಎನ್ನುತ್ತಲೇ ಶನಿವಾರಕ್ಕೆ ಎರಡು ಸೀಟು ತೆಗೆದಳು. ಒಂದು ಕಿಟಕಿ ಪಕ್ಕದ್ದು.